ನೀಲಿ ಕಲ್ಲಿನ ಪ್ರಶ್ನೆಗಳು: ಓದುಗರ ಪತ್ರ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಶೋಕೇಸಿನಲ್ಲಿ ಇಡುವ ಪಾಲಿಶ್ ಕಲ್ಲುಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀಲಿ ಕಲ್ಲಿನ ಬಗ್ಗೆಯೇ ಇವೆ. ಅದು ಸಹಜವೇ. ಶಹಾಬಾದಿನ ಫರಸಿ ಬೂದು, ಆಳಂದ ಕಡೆಯ ಕರಿಕಲ್ಲು ಕಪ್ಪು, ಬೀದರಿನ ಜಂಬಿಟ್ಟಿಗೆ ಕೆಂಪು. ಇಂಥ ನೆಲದಲ್ಲಿ ಬೆಳೆದವರಿಗೆ ನೀಲಿ ಕಲ್ಲು ಕಂಡರೆ ಕಾಲು ಅಲ್ಲೇ ನಿಲ್ಲುತ್ತದೆ. ನನಗೂ ಹಾಗೇ ಆಗಿತ್ತು. ಅದಕ್ಕೇ ಈ ಸಲ ಪೂರ್ತಿ ನೀಲಿ.

ಅಕ್ಕಾ, ಶರಣಬಸವೇಶ್ವರ ಜಾತ್ರೆಯಲ್ಲಿ ಗಾಢ ನೀಲಿ ಬಣ್ಣದ ಗುಂಡು ಕಲ್ಲೊಂದನ್ನು 600 ರೂಪಾಯಿ ಕೊಟ್ಟು ತಂದೆ. ಮೈತುಂಬಾ ಚುಕ್ಕಿ ಚುಕ್ಕಿ ಹೊಳೆಯುತ್ತವೆ. ಮಾರಿದವರು ಅಫ್ಘಾನಿಸ್ತಾನದ ಲಾಜವರ್ದ (ಲ್ಯಾಪಿಸ್ ಲಾಜುಲಿ) ಎಂದರು. ನಮ್ಮ ಯಜಮಾನರು ಬರೀ ಗಾಜು ಎನ್ನುತ್ತಾರೆ. ಫೋಟೊ ಕಳಿಸಿದ್ದೇನೆ. ಯಾರ ಮಾತು ನಿಜ?
— ಗೃಹಿಣಿ, ಬ್ರಹ್ಮಪುರ, ಕಲಬುರಗಿ

ತಂಗೀ, ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಯಜಮಾನರ ಮಾತೇ ನಿಜ, ಅದು ಗಾಜು. ಗುಟ್ಟು ಇರುವುದು ಆ ಚುಕ್ಕಿಗಳಲ್ಲಿ. ನಿಮ್ಮ ಗುಂಡಿನಲ್ಲಿ ಅವು ಅಮಾವಾಸ್ಯೆ ರಾತ್ರಿಯ ಚುಕ್ಕಿಗಳ ಹಾಗೆ ಎಲ್ಲ ಕಡೆ ಒಂದೇ ಸಮ ಹರಡಿವೆ, ಎಲ್ಲದರ ಗಾತ್ರ ಒಂದೇ. ಗಾಜು ಕರಗಿಸುವಾಗ ಅದರೊಳಗೆ ಲೋಹದ ಸಣ್ಣ ಸಣ್ಣ ಹರಳು ಹುಟ್ಟುವ ಹಾಗೆ ಮಾಡಿದರೆ ಈ ಮಿನುಗು ಬರುತ್ತದೆ. ಕೋಬಾಲ್ಟ್ ಸೇರಿಸಿದರೆ ಗಾಜು ನೀಲಿಯಾಗುತ್ತದೆ. ಮಾರುಕಟ್ಟೆಯಲ್ಲಿ ಇದರ ಹೆಸರು ಬ್ಲೂ ಗೋಲ್ಡ್‌ಸ್ಟೋನ್. ಆ ಹೆಸರಿನಲ್ಲೇ ಮಾರಿದರೆ ಅದರಲ್ಲಿ ಮೋಸವಿಲ್ಲ, ನೋಡಲು ಚೆಂದವೇ ಇರುತ್ತದೆ. ಲಾಜವರ್ದ ಎಂದು ಹೇಳಿ ಮಾರಿದ್ದು ಮಾತ್ರ ತಪ್ಪು.

ನಿಜವಾದ ಲಾಜವರ್ದದಲ್ಲಿ, ನಮ್ಮ ಹಳೆಯ ಹೆಸರಿನಲ್ಲಿ ಹೇಳುವುದಾದರೆ ರಾಜಾವರ್ತದಲ್ಲಿ, ಹೊಳೆಯುವುದು ಪೈರೈಟ್ ಎಂಬ ಖನಿಜ. ಅದರ ಬಣ್ಣ ಹಿತ್ತಾಳೆಯದು. ಒಗ್ಗರಣೆಯಲ್ಲಿ ಸಾಸಿವೆ ಒಂದು ಕಡೆ ಗುಂಪಾಗಿ ಬಿದ್ದು ಇನ್ನೊಂದು ಕಡೆ ಒಂದೂ ಇಲ್ಲದೆ ಇರುತ್ತದಲ್ಲ, ಹಾಗೆ ಬಿದ್ದಿರುತ್ತದೆ. ಒಂದು ಕಾಳು ದೊಡ್ಡದು, ಒಂದು ಸಣ್ಣದು, ಒಂದೆರಡು ಕಡೆ ಗೆರೆ ಎಳೆದ ಹಾಗೆ ಸಾಲಾಗಿ. ನಡುವೆ ಅಲ್ಲಲ್ಲಿ ಹಾಲು ಚೆಲ್ಲಿದಂಥ ಬಿಳಿ, ಅದು ಕ್ಯಾಲ್ಸೈಟ್. ನೀಲಿ ಕೊಡುವುದು ಲಾಜುರೈಟ್, ಅದರೊಳಗಿನ ಗಂಧಕದಿಂದ ಆ ಬಣ್ಣ ಬರುತ್ತದೆ. ಅಂದರೆ ಲಾಜವರ್ದ ಒಂದೇ ಖನಿಜವಲ್ಲ, ಹಲವು ಖನಿಜ ಸೇರಿದ ಕಲ್ಲು. ಎಲ್ಲಿ ನೋಡಿದರೂ ಒಂದೇ ಥರ ಇದೆ ಅಂದರೆ ಅನುಮಾನ ಪಡಿ.

ಅತ್ಯುತ್ತಮ ಲಾಜವರ್ದ ಇವತ್ತಿಗೂ ಬರುವುದು ಅಫ್ಘಾನಿಸ್ತಾನದ ಬದಕ್ಷಾನ್ ಸೀಮೆಯ ಸರ್-ಎ-ಸಂಗ್ ಗಣಿಯಿಂದ. ಸಾವಿರಾರು ವರ್ಷಗಳಿಂದ ಅಲ್ಲಿ ಅಗೆಯುತ್ತಲೇ ಇದ್ದಾರೆ. ಸಿಂಧೂ ಕಣಿವೆಯ ಹರಪ್ಪಾದ ಜನ ಅಷ್ಟು ದೂರದ ಶೋರ್ತುಗೈ ಎಂಬಲ್ಲಿ ಒಂದು ನೆಲೆಯನ್ನೇ ಮಾಡಿಕೊಂಡಿದ್ದರು. ಅಲ್ಲಿನ ಉತ್ಖನನದಲ್ಲಿ ಲಾಜವರ್ದ ಸಿಕ್ಕಿದೆ.

ಇನ್ನೊಂದು ಮಾತು, ನಿಮಗೆ ಬೇಸರವಾಗಬಾರದು ಅಂತ. ಈಜಿಪ್ಟಿನ ತುತನ್‌ಖಾಮುನ್ ರಾಜನ ಚಿನ್ನದ ಮುಖವಾಡ ಚಿತ್ರದಲ್ಲಿ ನೋಡಿರುತ್ತೀರಿ. ಅದರ ಕಣ್ಣಿನ ಸುತ್ತಲೂ ಹುಬ್ಬಿನಲ್ಲೂ ಇರುವುದು ನಿಜವಾದ ಲಾಜವರ್ದ. ಆದರೆ ತಲೆವಸ್ತ್ರದ ಆ ನೀಲಿ ಪಟ್ಟೆಗಳಿವೆಯಲ್ಲ, ಅವು ಗಾಜು! ಲಾಜವರ್ದದ ಹಾಗೆ ಕಾಣಲಿ ಎಂದೇ ಮಾಡಿದ ನೀಲಿ ಗಾಜು, 3300 ವರ್ಷದ ಹಿಂದಿನದು. ರಾಜನ ಮೈಮೇಲೆ ಕೂತ ಗಾಜನ್ನು ನಿಮ್ಮ ಶೋಕೇಸಿನಿಂದ ಎತ್ತಿ ಬಿಸಾಡಬೇಡಿ. ಚೀಟಿಯಲ್ಲಿ ‘ನೀಲಿ ಗೋಲ್ಡ್‌ಸ್ಟೋನ್, ಗಾಜು, ಕಲಬುರಗಿ ಜಾತ್ರೆ’ ಎಂದು ಬರೆದು ಇಟ್ಟುಕೊಳ್ಳಿ.

ಮೇಡಂ, ನನ್ನ ಹತ್ತಿರ ನೀಲಿ ಕಲ್ಲಿನ ಒಂದು ಪಾಲಿಶ್ ತುಂಡು ಇದೆ. ಬಿಳಿ ಗೆರೆಗಳಿವೆ, ಹೊಳೆಯುವ ಕಾಳು ಇಲ್ಲ. ಒಬ್ಬರು ಲಾಜವರ್ದ ಎನ್ನುತ್ತಾರೆ, ಒಬ್ಬರು ಸೋಡಲೈಟ್ ಎನ್ನುತ್ತಾರೆ. ಗೀಚಿ ನೋಡಲು ಮನಸ್ಸು ಬರುವುದಿಲ್ಲ. ಬೇರೆ ದಾರಿ ಇದೆಯೇ?
— ಪಿಯು ಕಾಲೇಜು ಉಪನ್ಯಾಸಕರು, ಸೇಡಂ

ಸರ್, ದಾರಿ ಇದೆ, ನನಗೆ ಬಹಳ ಇಷ್ಟವಾದ ದಾರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಒಂದು ಎಳೆ ದಾರ, ಇಷ್ಟು ಸಾಕು.

ಮೊದಲು ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ತಕ್ಕಡಿಯ ಮೇಲೆ ಇಟ್ಟು ಅಂಕೆಯನ್ನು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನೀರೊಳಗೆ ಪೂರ್ತಿ ಮುಳುಗುವ ಹಾಗೆ ಕೈಯಲ್ಲಿ ಹಿಡಿದು ನಿಲ್ಲಿ. ಕಲ್ಲು ಲೋಟದ ತಳಕ್ಕಾಗಲೀ ಬದಿಗಾಗಲೀ ತಾಗಬಾರದು. ಈಗ ತಕ್ಕಡಿ ತೋರಿಸುವ ಅಂಕೆ ಆ ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ಅಂಕೆಯನ್ನು ಎರಡನೆಯದರಿಂದ ಭಾಗಿಸಿ. ಸಾಂದ್ರತೆ ಸಿಕ್ಕಿತು. ನೀವು ತರಗತಿಯಲ್ಲಿ ಹೇಳುವ ಆರ್ಕಿಮಿಡೀಸ್ ತತ್ವವೇ ಇದು.

ನನ್ನ ಎರಡು ತುಂಡಿನ ಲೆಕ್ಕ ಕೇಳಿ. ನೋಡಲು ಅಕ್ಕತಂಗಿಯರ ಹಾಗಿವೆ, ಎರಡೂ ಗಾಢ ನೀಲಿ, ಎರಡಕ್ಕೂ ಬಿಳಿ ಗೆರೆ. ಒಂದರ ತೂಕ 138 ಗ್ರಾಂ, ನೀರಿನಲ್ಲಿ ತೋರಿಸಿದ್ದು 60. ಭಾಗಿಸಿದರೆ 2.3. ಅದು ಸೋಡಲೈಟ್. ಇನ್ನೊಂದು 168 ಗ್ರಾಂ, ಅದಕ್ಕೂ ನೀರಿನಲ್ಲಿ 60. ಭಾಗಿಸಿದರೆ 2.8. ಲಾಜವರ್ದ. ಅಷ್ಟೇ ಗಾತ್ರದ ಕಲ್ಲು, 30 ಗ್ರಾಂ ವ್ಯತ್ಯಾಸ. ಒಮ್ಮೆ ಲೆಕ್ಕ ಮಾಡಿ ನೋಡಿದ ಮೇಲೆ ಅಂಗೈಗೂ ಅದು ಗೊತ್ತಾಗತೊಡಗುತ್ತದೆ. ಸೋಡಲೈಟ್ ಹಗುರ ಅನಿಸುತ್ತದೆ.

ಒಂದು ಎಚ್ಚರಿಕೆ. ಗಾಜಿನ ಸಾಂದ್ರತೆ ಕೆಲವು ಸಲ ಲಾಜವರ್ದದ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ಗಾಜನ್ನು ತೂಕದಿಂದ ಹಿಡಿಯಲು ಹೋಗಬೇಡಿ, ಅದನ್ನು ಕಣ್ಣಿನಿಂದ ಹಿಡಿಯಿರಿ. ಭೂತಗನ್ನಡಿಯಲ್ಲಿ ಸಣ್ಣ ಗುಂಡು ಗುಳ್ಳೆ ಕಂಡರೆ ಗಾಜು. ಪ್ಲಾಸ್ಟಿಕ್ ರೆಸಿನ್ ಆದರೆ 1.5 ಕೂಡ ಬರುವುದು ಕಷ್ಟ, ತಕ್ಷಣ ಸಿಕ್ಕಿಬೀಳುತ್ತದೆ. ಅಜುರೈಟ್ 3.8ರ ಹತ್ತಿರ, ತಿಳಿನೀಲಿ ಸೆಲೆಸ್ಟೈಟ್ 3.9ಕ್ಕಿಂತ ಮೇಲೆ. ಇವು ಕೈಗೆ ತಗೊಂಡ ಕೂಡಲೇ ಭಾರ ಅನಿಸುತ್ತವೆ.

ಹಾಂ, ಸೋಡಲೈಟ್ ಎಂದು ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಬ್ರೆಜಿಲ್, ಕೆನಡಾ, ನಮೀಬಿಯಾದಿಂದ ಬರುವ ಒಳ್ಳೆಯ ಸೋಡಲೈಟಿನ ನೀಲಿ ಯಾವುದಕ್ಕೂ ಕಡಿಮೆಯಿಲ್ಲ. ಕೆಲವು ತುಂಡುಗಳನ್ನು ಕತ್ತಲೆ ಕೋಣೆಯಲ್ಲಿ ನೇರಳಾತೀತ ಟಾರ್ಚಿನಿಂದ ನೋಡಿದರೆ ಕಿತ್ತಳೆ ಬಣ್ಣದಲ್ಲಿ ಕೆಂಡದ ಹಾಗೆ ಹೊಳೆಯುತ್ತವೆ. ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಿ.

ನೀಲಿ ಕಲ್ಲು ಮನೆಯಲ್ಲಿದ್ದರೆ ಶನಿಯ ಪರಿಣಾಮ ಆಗುತ್ತದೆಯೇ? ಅತ್ತೆಯವರು ಹೊರಗಿಡು ಎನ್ನುತ್ತಾರೆ.
— ಓದುಗಿ, ಶಹಾಪುರ

ತಂಗೀ, ಜಾತಕದ ಮಾತು ಹೇಳಲು ನಾನು ಅರ್ಹಳಲ್ಲ. ಆದರೆ ಒಂದು ವಿಷಯ ಅತ್ತೆಯವರಿಗೆ ಧೈರ್ಯವಾಗಿ ಹೇಳಿ. ಶನಿಗೆ ಹೇಳುವ ನೀಲ ಎಂದರೆ ನೀಲಮಣಿ, ಅದು ಕುರುಂದ ಜಾತಿಯ ಕಲ್ಲು, ಗಡಸುತನದಲ್ಲಿ ವಜ್ರದ ನಂತರದ ಸ್ಥಾನ. ನಿಮ್ಮ ಹತ್ತಿರ ಇರುವುದು ಕಯನೈಟ್ ಎಂದು ಬರೆದಿದ್ದೀರಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಯನೈಟಿನ ವಿಶೇಷವೇ ಬೇರೆ. ಉದ್ದಕ್ಕೆ ಗೀಚಿದರೆ ಚಾಕುವಿಗೆ ಸೋಲುತ್ತದೆ, ಅಡ್ಡಕ್ಕೆ ಗೀಚಿದರೆ ಚಾಕುವೇ ಸೋಲುತ್ತದೆ. ಒಂದೇ ಕಲ್ಲು, ಎರಡು ಗಡಸುತನ. ಕಟ್ಟಿಗೆಯ ಸೀಳಿನ ಹಾಗೆ ಪದರ ಪದರವಾಗಿ ಬಿರಿಯುತ್ತದೆ, ಆದ್ದರಿಂದ ಬೀಳಿಸಬೇಡಿ, ಅಷ್ಟೇ ಭಯ. ಇನ್ನು, ಲಾಜವರ್ದವನ್ನೋ ಕಯನೈಟನ್ನೋ ನೀಲಮಣಿ ಎಂದು ಹೇಳಿ ಸಾವಿರಾರು ರೂಪಾಯಿ ಕೇಳುವವರಿದ್ದರೆ ಎದ್ದು ಬನ್ನಿ.

ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರಿನ ಮೇಲಿನ ನೀಲಿ ಲಾಜವರ್ದ ಕಲ್ಲಿನದು ಎಂದು ನಮ್ಮ ಕಡೆ ಹೇಳುತ್ತಾರೆ. ನಿಜವೇ? ನಮ್ಮ ನೆಲದಲ್ಲಿ ನೀಲಿ ಕಲ್ಲು ಸಿಗುತ್ತದೆಯೇ?
— ನಿವೃತ್ತ ಶಿಕ್ಷಕರು, ಹುಮನಾಬಾದ್

ಗುರುಗಳೇ, ಆ ನೀಲಿ ಕಲ್ಲಿನದಲ್ಲ, ಹೆಂಚಿನದು. ಮಣ್ಣಿನ ಬಿಲ್ಲೆಯ ಮೇಲೆ ಬಣ್ಣದ ಗಾಜಿನ ಲೇಪ ಕೊಟ್ಟು ಸುಟ್ಟದ್ದು. ಮದರಸಾ ಕಟ್ಟಿದ್ದು 1472ರಲ್ಲಿ. ಮಹಮೂದ್ ಗವಾನ್ ಪರ್ಶಿಯಾದ ಗೀಲಾನ್ ಕಡೆಯವರು, ಆ ಹೆಂಚಿನ ಕಲೆಯೂ ಪರ್ಶಿಯಾದ್ದೇ. ಆ ಲೇಪಗಳಲ್ಲಿ ಗಾಢ ನೀಲಿಗೆ ಕೋಬಾಲ್ಟ್, ಹಸಿರುನೀಲಿಗೆ ತಾಮ್ರ ಬಳಸುವುದು ಪರ್ಶಿಯಾದ ಹಳೆಯ ಪದ್ಧತಿ. ನಾನು ಹೋದ ಮಾಗಿಯಲ್ಲಿ ಬೆಳಗ್ಗೆ ಏಳೂವರೆಗೆ ಆ ಉಳಿದ ಒಂದು ಮಿನಾರಿನ ಕೆಳಗೆ ನಿಂತಿದ್ದೆ. ಬಿಸಿಲು ಓರೆಯಾಗಿ ಬಿದ್ದಾಗ ಡೊಂಕು ಡೊಂಕು ಪಟ್ಟೆಯ ಹೆಂಚುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಹೆಂಚು ಬಿದ್ದುಹೋದ ಕಡೆ ಬರೀ ಗಾರೆ, ಅದರ ಪಕ್ಕದಲ್ಲೇ ಅಂಗೈಯಷ್ಟು ನೀಲಿ. ಯಾರಾದರೂ ಅಲ್ಲಿ ಬಿದ್ದ ಚೂರು ಎತ್ತಿಕೊಂಡು ಬಂದು ಸಂಗ್ರಹಕ್ಕೆ ಇಟ್ಟುಕೊಳ್ಳುವ ಯೋಚನೆ ಮಾಡಿದ್ದರೆ ದಯವಿಟ್ಟು ಬೇಡ. ಅದು ಸಂರಕ್ಷಿತ ಸ್ಮಾರಕ. ಬಿದ್ದ ಚೂರೂ ಅದರದೇ.

ನಮ್ಮ ನೆಲದ ಮಾತಿಗೆ ಬಂದರೆ, ಬೀದರಿನ ಜಂಬಿಟ್ಟಿಗೆಯ ಕೆಳಗೂ, ಆಳಂದದ ಹೊಲಗಳ ಕೆಳಗೂ ಇರುವುದು ದಖ್ಖನ್ನಿನ ಕರಿಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಪದರ ಪದರವಾಗಿ ತಣ್ಣಗಾದದ್ದು. ಲಾವಾದೊಳಗೆ ಗಾಳಿ ಗುಳ್ಳೆಗಳಿದ್ದವು, ಆ ಪೊಳ್ಳುಗಳಲ್ಲಿ ನಿಧಾನವಾಗಿ ಖನಿಜಗಳು ಬೆಳೆದವು. ಮಳೆ ಬಂದ ಮೇಲೆ ಕರಿಹೊಲದಲ್ಲಿ ಬಿಳಿ, ಬೂದು ಹರಳುಕಲ್ಲುಗಳು ಮೇಲೆ ಬರುವುದನ್ನು ಎಲ್ಲರೂ ನೋಡಿದ್ದೇವೆ. ಕೆಲವು ಬೂದಿನಲ್ಲಿ ಸ್ವಲ್ಪ ನೀಲಿ ಛಾಯೆ ಇರುತ್ತದೆ. ಆದರೆ ಅಚ್ಚ ನೀಲಿ ನಮ್ಮ ಹೊಲದಲ್ಲಿ ಕಂಡರೆ ಬಹುತೇಕ ಯಾರದೋ ಮನೆಯ ಒಡೆದ ಗಾಜಿನ ಚೂರು.

ಇದೇ ಕರಿಕಲ್ಲು ಪಶ್ಚಿಮಕ್ಕೆ ಪುಣೆಯವರೆಗೂ ಹಬ್ಬಿದೆ, ಅಲ್ಲಿ ಒಂದು ಅದ್ಭುತವಿದೆ. ಪುಣೆ ಹತ್ತಿರದ ವಾಘೋಲಿಯ ಖಣಿಗಳಲ್ಲಿ ಕವನ್ಸೈಟ್ ಸಿಗುತ್ತದೆ. ಕ್ಯಾಲ್ಸಿಯಂ, ವೆನಾಡಿಯಂ, ಸಿಲಿಕೇಟ್ ಈ ಮೂರರ ಮೊದಲಕ್ಷರ ಕೂಡಿಸಿ ಮಾಡಿದ ಹೆಸರು. 1967ರಲ್ಲಿ ಮೊದಲು ಕಂಡದ್ದು ಅಮೆರಿಕದ ಆರೆಗಾನಿನಲ್ಲಿ, ಆದರೆ ಜಗತ್ತಿನ ಸಂಗ್ರಹಕಾರರು ಆಸೆಪಡುವುದು ವಾಘೋಲಿಯ ತುಂಡಿಗೇ. ಸ್ಟಿಲ್‌ಬೈಟ್ ಎಂಬ ಬಿಳಿ ಖನಿಜದ ಮೇಲೆ ಕಡು ನೀಲಿಯ ಪುಟ್ಟ ಪುಟ್ಟ ಚೆಂಡು, ಹತ್ತಿರ ಹಿಡಿದು ನೋಡಿದರೆ ಪ್ರತಿ ಚೆಂಡೂ ಸೂಜಿಗಳ ಗೊಂಚಲು. ಇದಕ್ಕೆ ಮಾತ್ರ ಪಾಲಿಶ್ ಮಾಡಿಸಬೇಡಿ, ಒರೆಸಲೂಬೇಡಿ, ಬೆರಳು ತಾಗಿದರೆ ಸೂಜಿ ಉದುರುತ್ತವೆ. ನಾಶಿಕ್ ಹತ್ತಿರದ ಸಿನ್ನರಿನಲ್ಲಿ ಗಾರ್ಗೋಟಿ ಎಂಬ ಖನಿಜ ಸಂಗ್ರಹಾಲಯ ಇದೆ. ಶಿರಡಿಗೆ ಹೋಗುವವರು ಒಂದು ಮಧ್ಯಾಹ್ನ ಅಲ್ಲಿ ಇಳಿಯಿರಿ.

ತಿಳಿನೀಲಿ, ಕಡುನೀಲಿ ಬಳೆ ಬಳೆಯಂಥ ಗೆರೆಗಳ ಅಗೇಟ್ ಬಿಲ್ಲೆ ಆನ್‌ಲೈನಿನಲ್ಲಿ ತರಿಸಿದೆ. ಬಣ್ಣ ಹಾಕಿದ್ದು ಎನ್ನುತ್ತಾರೆ ಗೆಳತಿಯರು. ನೇಲ್ ಪಾಲಿಶ್ ರಿಮೂವರಿನಿಂದ ಒರೆಸಿದೆ, ಏನೂ ಬಿಡಲಿಲ್ಲ. ಹಾಗಾದರೆ ಅಸಲಿಯೇ?
— ಬ್ಯಾಂಕ್ ಉದ್ಯೋಗಿ, ಯಾದಗಿರಿ

ಕಲ್ಲು ಅಸಲಿ, ಬಣ್ಣ ಹಾಕಿದ್ದು. ರಿಮೂವರ್ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ, ಯಾಕೆಂದರೆ ಅಗೇಟಿಗೆ ನೀಲಿ ಕೊಡುವ ರೀತಿಯೇ ಬೇರೆ. ಬಿಲ್ಲೆಯನ್ನು ಪೊಟ್ಯಾಸಿಯಂ ಫೆರೋಸಯನೈಡ್ ದ್ರಾವಣದಲ್ಲಿ ನೆನೆಹಾಕುತ್ತಾರೆ. ಅದು ಒಳಗೆ ಇಳಿದ ಮೇಲೆ ಕಬ್ಬಿಣದ ಲವಣದ ದ್ರಾವಣಕ್ಕೆ ಹಾಕುತ್ತಾರೆ. ಎರಡೂ ಕಲ್ಲಿನ ಹೊಟ್ಟೆಯಲ್ಲೇ ಸೇರಿ ಪ್ರಷ್ಯನ್ ನೀಲಿ ಹುಟ್ಟುತ್ತದೆ. ನೀರಿಗಾಗಲೀ ರಿಮೂವರಿಗಾಗಲೀ ಅದು ಬಿಡುವುದಿಲ್ಲ. ಅಗೇಟಿನ ಒಂದು ಪದರ ಬಣ್ಣ ಕುಡಿಯುತ್ತದೆ, ಪಕ್ಕದ ಪದರ ಕುಡಿಯುವುದಿಲ್ಲ, ಅದಕ್ಕೇ ಆ ಚೆಂದದ ಬಳೆಗಳು. ಬಿಲ್ಲೆಯನ್ನು ಕಿಟಕಿಗೆ ಹಿಡಿದು ಬಿರುಕುಗಳನ್ನು ನೋಡಿ, ಅಲ್ಲಿ ನೀಲಿ ಗಟ್ಟಿಯಾಗಿ ಕೂತಿರುತ್ತದೆ. ನಾಮಫಲಕದ ನೀಲಿಯಷ್ಟು ಕಡು ಬಣ್ಣದ ಅಗೇಟ್ ಕಂಡರೆ ಬಣ್ಣ ಹಾಕಿದ್ದು ಎಂದೇ ತಿಳಿಯಿರಿ.

ರಿಮೂವರ್ ಕೆಲಸಕ್ಕೆ ಬರುವುದು ಹೌಲೈಟ್ ವಿಷಯದಲ್ಲಿ. ಅದು ಬಿಳಿ ಕಲ್ಲು, ಮೈಮೇಲೆ ಬೂದು ಬಲೆ. ಅಗ್ಗದ ಬಣ್ಣ ಹಚ್ಚಿ ಫಿರೋಜಾ ಎಂದು ಮಾರುತ್ತಾರೆ. ಹತ್ತಿಯನ್ನು ರಿಮೂವರಿನಲ್ಲಿ ಅದ್ದಿ ಹಿಂಬದಿಯಲ್ಲಿ ಮೆಲ್ಲಗೆ ಉಜ್ಜಿ. ಹತ್ತಿ ನೀಲಿಯಾದರೆ ಉತ್ತರ ಸಿಕ್ಕಿತು. ನಿಜವಾದ ಫಿರೋಜಾಗೆ ಇದನ್ನು ಮಾಡಲೇಬೇಡಿ, ಅದು ಎಣ್ಣೆ, ಅತ್ತರು, ರಾಸಾಯನಿಕ ಎಲ್ಲವನ್ನೂ ಕುಡಿದು ಬಣ್ಣ ಕೆಡಿಸಿಕೊಳ್ಳುತ್ತದೆ.

ನಮ್ಮೂರಿನ ಧೂಳು ನಿಮಗೆ ಗೊತ್ತಲ್ಲ. ಎರಡು ದಿನಕ್ಕೆ ಶೋಕೇಸ್ ಬೂದಿ ಬಳಿದ ಹಾಗಾಗುತ್ತದೆ. ಪಾಲಿಶ್ ಕಲ್ಲುಗಳನ್ನು ಹೇಗೆ ತೊಳೆಯುವುದು? ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹುಳಿ, ಲಿಂಬೆ ಹಚ್ಚಬಹುದೇ?
— ಗೃಹಿಣಿ, ಜೇವರ್ಗಿ

ಅಯ್ಯೋ ಬೇಡ ತಾಯಿ, ಕೈಮುಗಿದು ಕೇಳುತ್ತೇನೆ. ಶಹಾಬಾದ ಫರಸಿಯ ಅಡುಗೆಕಟ್ಟೆಯ ಮೇಲೆ ಲಿಂಬೆ ಹೋಳು ಇಟ್ಟು ಮರೆತರೆ ಏನಾಗುತ್ತದೆ? ಬಿಳಿ ಮಚ್ಚೆ ಬೀಳುತ್ತದೆ, ಮತ್ತೆ ಹೊಳಪು ಬರುವುದಿಲ್ಲ. ಫರಸಿ ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ನೀಲಿ ಕಲ್ಲುಗಳಲ್ಲೂ ಎಷ್ಟೋ ಕಲ್ಲಿಗೆ ಇದೇ ಗತಿ. ಅಜುರೈಟ್ ತಾಮ್ರದ ಕಾರ್ಬೊನೇಟ್, ಹುಳಿ ಬಿದ್ದರೆ ಬುಸಬುಸ ನೊರೆ. ನೀಲಿ ಕ್ಯಾಲ್ಸೈಟ್ ಕೂಡ ಹಾಗೇ. ಲಾಜವರ್ದದಲ್ಲಿ ಕ್ಯಾಲ್ಸೈಟಿನ ಬಿಳಿ ಗೆರೆ ಕರಗುತ್ತದೆ, ನೀಲಿಯೂ ಕೆಡುತ್ತದೆ.

ಎರಡನೆಯದು ಧೂಳು. ನಮ್ಮ ಬೇಸಿಗೆಯ ಧೂಳು ಬರೀ ಮಣ್ಣಲ್ಲ, ಅದರಲ್ಲಿ ಸಣ್ಣ ಸಣ್ಣ ಬೆಣಚಿನ ಕಣಗಳಿರುತ್ತವೆ. ಮೋಸ್ ಎಂಬ ವಿಜ್ಞಾನಿ 1812ರಲ್ಲಿ ಮಾಡಿದ ಗಡಸುತನದ ಅಳತೆಯಲ್ಲಿ ಬೆಣಚು 7. ಲಾಜವರ್ದ 5ರಿಂದ 5.5, ಅಜುರೈಟ್ 3.5ರಿಂದ 4, ಕ್ಯಾಲ್ಸೈಟ್ 3. ಒಣ ಅರಿವೆಯಿಂದ ಗಸಗಸ ಒರೆಸಿದರೆ ಕಲ್ಲಿನ ಮೇಲೆ ಮರಳುಕಾಗದ ಆಡಿಸಿದ ಹಾಗೆ. ವರ್ಷ ತುಂಬುವುದರೊಳಗೆ ಹೊಳಪು ಮಬ್ಬಾಗುತ್ತದೆ, ಯಾಕೆ ಎಂದೂ ತಿಳಿಯುವುದಿಲ್ಲ. ಮೊದಲು ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ಹಾರಿಸಿ. ಗಟ್ಟಿ ಕಲ್ಲುಗಳನ್ನು, ಅಂದರೆ ಅಗೇಟ್, ಸೋಡಲೈಟ್, ಲ್ಯಾಬ್ರಡೊರೈಟ್, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹನಿ ಮೆದು ಸಾಬೂನು ಹಾಕಿ ತೊಳೆದು ಕೂಡಲೇ ಒರೆಸಬಹುದು. ಲಾಜವರ್ದಕ್ಕೆ ಒದ್ದೆ ಮಾಡಿ ಹಿಂಡಿದ ಹತ್ತಿ ಅರಿವೆ ಸಾಕು. ಅಂಜೆಲೈಟ್ ಎಂದು ಮಾರುವ ತಿಳಿನೀಲಿ ಕಲ್ಲಿಗೆ ನೀರೇ ತೋರಿಸಬೇಡಿ, ಅದು ನೀರು ಕುಡಿದು ಜಿಪ್ಸಂ ಆಗುತ್ತಾ ಹೋಗುತ್ತದೆ.

ಮೂರನೆಯದು ಬಿಸಿಲು, ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಮಡಗಾಸ್ಕರಿನ ಸೆಲೆಸ್ಟೈಟ್ ಇತ್ತು. ಒಡೆದ ತೆಂಗಿನ ಗಡಿಯ ಹಾಗೆ ಹೊರಗೆ ಒರಟು, ಒಳಗೆ ಮುಂಜಾವಿನ ಆಕಾಶದ ಬಣ್ಣದ ಹರಳು. ಬೆಳಕು ಬೀಳಲಿ ಎಂದು ಪಶ್ಚಿಮದ ಕಿಟಕಿಯಲ್ಲಿ ಇಟ್ಟಿದ್ದೆ. ಮಾರ್ಚಿನಿಂದ ಜೂನ್‌ವರೆಗೆ ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಮಳೆ ಬರುವ ಹೊತ್ತಿಗೆ ಕಿಟಕಿ ಕಡೆಯ ಹರಳೆಲ್ಲ ಬಿಳಿಚಿಕೊಂಡು, ಗೋಡೆ ಕಡೆಯ ಹರಳಲ್ಲಿ ಮಾತ್ರ ನೀಲಿ ಉಳಿದಿತ್ತು. ಈಗಲೂ ಹಾಗೇ ಇದೆ. ಫ್ಲೋರೈಟಿಗೂ ಬಿಸಿಲು ಆಗುವುದಿಲ್ಲ. ಅಜುರೈಟಿಗೆ ಬಿಸಿಲೂ ಬೇಡ, ತೇವವೂ ಬೇಡ, ಕಾಲಕ್ರಮದಲ್ಲಿ ಅದು ಹಸಿರು ಮಾಲಕೈಟ್ ಕಡೆಗೆ ತಿರುಗುತ್ತದೆ. ಗಾಜಿನ ಬಾಗಿಲಿರುವ ಕಪಾಟು, ಒಳಗೋಡೆಗೆ, ಸಣ್ಣ ಎಲ್‌ಇಡಿ ದೀಪ. ನಮ್ಮ ಊರಿಗೆ ಇದೇ ಸರಿ.

ಮಗ ಶಾಲೆಯ ಪ್ರದರ್ಶನದಿಂದ ‘ನೈಸರ್ಗಿಕ ಚಾಲ್ಕಂಥೈಟ್’ ಎಂಬ ಕಡುನೀಲಿ ಹರಳು ತಂದಿದ್ದಾನೆ. ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾನೆ.
— ತಾಯಿ, ಚಿತ್ತಾಪುರ

ಇವತ್ತೇ ಅಲ್ಲಿಂದ ತೆಗೆಯಿರಿ ತಂಗೀ. ಅದು ಮೈಲುತುತ್ತ. ಹೊಲದಲ್ಲಿ ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡಿ ಹೊಡೆಯುತ್ತಾರಲ್ಲ, ಅದೇ ತಾಮ್ರದ ಸಲ್ಫೇಟ್. ಬಾಯಿಗೆ ಹೋದರೆ ವಿಷ. ಒದ್ದೆ ಕೈಯಲ್ಲಿ ಹಿಡಿದರೆ ಕರಗಿ ಕೈಗೆ ಹತ್ತುತ್ತದೆ. ನೈಸರ್ಗಿಕ ಎಂದು ಮಾರುವ ದೊಡ್ಡ ಹರಳುಗಳಲ್ಲಿ ಹೆಚ್ಚಿನವು ಪಾತ್ರೆಯಲ್ಲಿ ಬೆಳೆಸಿದವು. ಗಾಳಿಯಾಡದ ಗಾಜಿನ ಡಬ್ಬಿಯಲ್ಲಿ ಹಾಕಿ, ಮೇಲೆ ‘ವಿಷ’ ಎಂದು ಬರೆದು ಎತ್ತರದಲ್ಲಿಡಿ, ಮಗ ದೂರದಿಂದ ನೋಡಲಿ. ಬಿಟ್ಟಿಟ್ಟರೆ ನಮ್ಮ ಒಣ ಬೇಸಿಗೆಗೆ ಅದರೊಳಗಿನ ನೀರಿನಂಶ ಹೋಗಿ ಮೈಮೇಲೆ ಬಿಳಿ ಪುಡಿ ಏಳುತ್ತದೆ. ಅವನಿಗೆ ಹಿಡಿದು ಆಡಲು ಒಂದು ಸೋಡಲೈಟ್ ತುಂಡು ಕೊಡಿಸಿ.

ಅಕ್ಕಾರ, ನಾನು ಫರಸಿ ಪಾಲಿಶ್ ಕೆಲಸ ಮಾಡುತ್ತೇನೆ. ನಮ್ಮ ಮಷೀನಿನಲ್ಲೇ ನೀಲಿ ಕಲ್ಲು ಪಾಲಿಶ್ ಮಾಡಿ ಮಾರಬಹುದೇ?
— ಯುವಕ, ಶಹಾಬಾದ

ತಮ್ಮಾ, ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ನನ್ನ ಅಪ್ಪ ನಿಮ್ಮೂರಿನ ಖಣಿಯಲ್ಲೇ ಲೆಕ್ಕ ಬರೆಯುತ್ತಿದ್ದರು. ಕೆಲಸದ ಕ್ರಮ ನಿನಗೆ ಗೊತ್ತೇ ಇದೆ, ಒರಟಿನಿಂದ ನಯಕ್ಕೆ. 80 ನಂಬರಿನ ಪುಡಿ, ಆಮೇಲೆ 220, 600, 1200, ಕೊನೆಗೆ ಹೊಳಪಿನ ಪುಡಿ. ಆದರೆ ಫರಸಿ ಮೈತುಂಬ ಒಂದೇ ಗಡಸು, ಲಾಜವರ್ದ ಹಾಗಲ್ಲ. ಮೆತ್ತನೆಯ ಕ್ಯಾಲ್ಸೈಟ್ ಬೇಗ ಸವೆದು ತಗ್ಗು ಬೀಳುತ್ತದೆ, ಪೈರೈಟ್ ಕಾಳು ಉಬ್ಬಿ ನಿಲ್ಲುತ್ತದೆ. ಅದಕ್ಕೆ ಕಡಿಮೆ ಒತ್ತಡ, ಕಡಿಮೆ ವೇಗ, ಕೊನೆಯ ಹೊಳಪು ತೊಗಲಿನ ಮೇಲೆ. ಮೊದಲು ಸೋಡಲೈಟಿನಲ್ಲಿ ಕೈ ಕೂಡಿಸಿಕೋ. ಒಂದು ನಂಬರಿನ ಗೀರು ಪೂರ್ತಿ ಹೋಗುವ ತನಕ ಮುಂದಿನ ನಂಬರಿಗೆ ಹೋಗಬೇಡ, ಪ್ರತಿ ಸಲ ಕಲ್ಲನ್ನೂ ಕೈಯನ್ನೂ ತೊಳೆದುಕೋ. 80ರ ಒಂದೇ ಒಂದು ಕಣ 1200ರ ಅರಿವೆಗೆ ಸೇರಿದರೆ ಇಡೀ ದಿನದ ಕೆಲಸ ಹಾಳು.

ಇದಕ್ಕಿಂತ ದೊಡ್ಡ ಮಾತು. ಒಣಗಿಸಿಕೊಂಡು ಉಜ್ಜಬೇಡ. ನೀರು ಬಿಡುತ್ತಲೇ ಇರು, ಒಳ್ಳೆಯ ಮಾಸ್ಕ್ ಹಾಕು. ಅಗೇಟ್, ಗ್ರಾನೈಟ್ ಇವುಗಳ ಧೂಳು ಫರಸಿ ಧೂಳಿಗಿಂತ ಬಹಳ ಕೆಟ್ಟದ್ದು, ಅದರಲ್ಲಿ ಸಿಲಿಕಾ ಜಾಸ್ತಿ. ಗುಜರಾತಿನ ಖಂಭಾತದಲ್ಲಿ ಅಗೇಟ್ ಉಜ್ಜುವ ಎಷ್ಟೋ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂದು ಸತ್ತಿದ್ದಾರೆ. ಒಮ್ಮೆ ಎದೆಗೆ ಇಳಿದ ಆ ಧೂಳು ವಾಪಸ್ ಬರುವುದಿಲ್ಲ. ಅಜುರೈಟಿನಲ್ಲಿ ತಾಮ್ರ ಇದೆ, ಅದರ ನೀರು ಕುಡಿಯುವ ನೀರಿಗೆ ಸೇರಬಾರದು.

ಕಚ್ಚಾ ಕಲ್ಲಿಗೆ ದುಡ್ಡು ಹಾಕುವ ಮೊದಲು ಗ್ರಾನೈಟ್ ಅಂಗಡಿಗಳಲ್ಲಿ ಕೇಳು. ಬ್ಲೂ ಪರ್ಲ್ ಎಂದು ಅಡುಗೆಕಟ್ಟೆಗೆ ಹಾಕುತ್ತಾರಲ್ಲ, ಅದು ನಾರ್ವೆಯ ಲಾರ್ವಿಕ್ ಕಡೆಯಿಂದ ಬರುವ ಕಲ್ಲು, ಅಲುಗಾಡಿಸಿದರೆ ನೀಲಿ ಮಿಂಚುತ್ತದೆ. ಕತ್ತರಿಸಿ ಉಳಿದ ತುಂಡು ಮೂಲೆಯಲ್ಲಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ.

ಲ್ಯಾಬ್ರಡೊರೈಟ್ ಅಂಗಡಿಯಲ್ಲಿ ನವಿಲುಗರಿಯ ಹಾಗಿತ್ತು. ಮನೆಗೆ ತಂದು ಇಟ್ಟರೆ ಬರೀ ಬೂದು. ಬದಲಾಯಿಸಿ ಕೊಟ್ಟರೇ?
— ಕರಕುಶಲಕರ್ಮಿ, ಬೀದರ್

ಅಣ್ಣಾರ, ಯಾರೂ ಬದಲಾಯಿಸಿಲ್ಲ, ದೀಪದ ಜಾಗ ಬದಲಾಗಿದೆ. ಆ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ. ಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ತೆಳು ಪದರಗಳಿವೆ, ಬೆಳಕು ಅವುಗಳಿಗೆ ಬಡಿದು ವಾಪಸ್ ಬರುವಾಗ ನೀಲಿ ಹುಟ್ಟುತ್ತದೆ. ಎಣ್ಣೆ ಬಿದ್ದ ರಸ್ತೆಯ ನೀರಿನಲ್ಲಿ ಬಣ್ಣ ಕಾಣುವ ಹಾಗೆ. ಒಂದು ಕೋನದಲ್ಲಿ ಮಾತ್ರ ಕಾಣುತ್ತದೆ. ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಹಣೆಯ ಹತ್ತಿರ ಹಿಡಿದು ಕಲ್ಲನ್ನು ನಿಧಾನ ತಿರುಗಿಸಿ. ಇಡೀ ಮುಖ ಹೊತ್ತಿಕೊಂಡ ಹಾಗೆ ನೀಲಿಯಾದಾಗ ಕೈ ನಿಲ್ಲಿಸಿ. ಅದೇ ಕೋನದಲ್ಲಿ ಮೇಣವೋ ಕಟ್ಟಿಗೆಯ ತುಂಡೋ ಕೊಟ್ಟು ನಿಲ್ಲಿಸಿ, ದೀಪವನ್ನು ನೋಡುವವರ ತಲೆಯ ಮೇಲೆ ಹಾಕಿ.

ನೀವು ಬಿದರಿ ಕೆಲಸ ಮಾಡುವವರು ಎಂದು ಬರೆದಿದ್ದೀರಿ. ಹಾಗಾದರೆ ನನ್ನದೊಂದು ಆಸೆ. ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸಿದ ನಿಮ್ಮ ಬಿದರಿಯ ಆ ಮಾಸದ ಕಪ್ಪು ಇದೆಯಲ್ಲ, ನೀಲಿ ಕಲ್ಲಿನ ಹಿಂದೆ ಅಂಥ ಹಿನ್ನೆಲೆ ಇನ್ನೊಂದಿಲ್ಲ. ಬಿಳಿ ಗೋಡೆಯ ಮುಂದೆ ನೀಲಿ ತೆಳುವಾಗುತ್ತದೆ, ಕಪ್ಪಿನ ಮುಂದೆ ಆಳವಾಗುತ್ತದೆ. ಒಂದು ಸಣ್ಣ ಬಿದರಿ ಪೀಠ, ಅಂಚಿಗೆ ಒಂದೇ ಎಳೆ ಬೆಳ್ಳಿ, ಮೇಲೆ ನಿಮ್ಮ ಲ್ಯಾಬ್ರಡೊರೈಟ್. ಮಾಡಿದರೆ ಫೋಟೊ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

ಕೈಯಲ್ಲಿ 1000 ರೂಪಾಯಿ ಇದೆ. ಯಾವ ನೀಲಿ ಕಲ್ಲಿನಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಸುರಪುರ

ಒಂದು ಮುಖ ಪಾಲಿಶ್ ಮಾಡಿ ಹಿಂಬದಿ ಒರಟಾಗಿಯೇ ಬಿಟ್ಟ ಸೋಡಲೈಟ್ ತಗೋ ಮಗಳೇ. ಹಿಂಬದಿ ಒರಟು ಇದ್ದರೆ ಕಲ್ಲು ಒಳಗಿನಿಂದ ಹೇಗಿದೆ ಎಂದು ನೋಡಿ ಕಲಿಯಬಹುದು, ಬಣ್ಣ ಹಾಕಿದ್ದಾದರೆ ಅಲ್ಲೇ ಗೊತ್ತಾಗುತ್ತದೆ. ಉಳಿದ ದುಡ್ಡಿಗೆ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಲೂಪ್. ಮಾರುವವರನ್ನು ‘ಇದು ಯಾವ ದೇಶದ್ದು, ಯಾವ ಊರಿನದು’ ಎಂದು ಕೇಳು. ಉತ್ತರ ಬಂದರೆ ಚೀಟಿಯಲ್ಲಿ ಬರೆದುಕೋ, ಬರದಿದ್ದರೆ ಆ ಜಾಗ ಖಾಲಿ ಬಿಡು, ಊಹಿಸಿ ತುಂಬಬೇಡ. ಮನೆಗೆ ಬಂದ ದಿನವೇ ತೂಗಿ, ನೀರಿನಲ್ಲಿ ಇಳಿಬಿಟ್ಟು, ಎರಡೂ ಅಂಕೆ ನನಗೆ ಬರೆದು ಕಳಿಸು. 2.3ರ ಹತ್ತಿರ ಬಂತೋ ಇಲ್ಲವೋ ನೋಡೋಣ.